ಕೊಬ್ಬರಿ ಮನೆಗೆ ಇಟಲಿ ಬಂದ ವರ್ಷ

ಹೋದ ತಿಂಗಳು ಗುಬ್ಬಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದು ಬರುವಾಗ ಒಂದು ಮಂಡಿಯ ಮುಂದೆ ಲಾರಿಗೆ ಕೊಬ್ಬರಿ ಮೂಟೆ ತುಂಬುತ್ತಿದ್ದರು. ಒಣಗಿದ ಕೊಬ್ಬರಿಯ ಆ ಸಿಹಿ, ಎಣ್ಣೆ ಜಿಡ್ಡಿನ, ಗಂಟಲಲ್ಲಿ ನಿಂತುಬಿಡುವ ವಾಸನೆ ಬಂದದ್ದೇ ತಡ, ನಾನು ರಸ್ತೆ ಪಕ್ಕ ನಿಂತುಬಿಟ್ಟೆ. ಬೇರೆಯವರಿಗೆ ಆ ವಾಸನೆಯಿಂದ ತೋಟ ನೆನಪಾದೀತು, ಹಬ್ಬದ ಹೋಳಿಗೆ ನೆನಪಾದೀತು. ನನಗೆ ನೆನಪಾಗುವುದು ಸಿನಿಮಾ. ಅದೂ ಇಟಲಿ ದೇಶದ ಸಿನಿಮಾ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಶೆಟ್ಟಿಹಳ್ಳಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಆ ಚಳಿಗಾಲಕ್ಕೆ ಮುಂಚೆ ನಮ್ಮ ಗಂಗತ್ತೆ, ಅಂದರೆ ನಮ್ಮಪ್ಪನ ಅಕ್ಕ, ಕಣ್ಣಿನ ಪೊರೆ ತೆಗೆಸಿಕೊಳ್ಳಲು ಕುಣಿಗಲ್ ಕಡೆಯ ತನ್ನ ಊರಿನಿಂದ ಬಂದು ನನ್ನ ಜೊತೆ ಉಳಿದಳು. ಆರೈಕೆಗೆಂದು ಮಗಳು ನೀಲಳೂ ಬಂದಿದ್ದಳು. ನೀಲಳಿಗೆ ಆಗ ಹದಿನೆಂಟು ತುಂಬುತ್ತಾ ಇತ್ತು. ಗಂಗತ್ತೆಗೆ ಅವಳೊಬ್ಬಳೇ. ಅವಳಿಗೆ ಮುಂಚೆ ಎರಡು ಕೂಸು ಹೊಟ್ಟೆಯಲ್ಲೇ ಹೋಗಿದ್ದವು.

ಎರಡು ವರ್ಷದಿಂದ ಅತ್ತೆ ಮನುಷ್ಯರನ್ನು ದನಿಯಿಂದಲೇ ಗುರುತು ಹಿಡಿಯುತ್ತಿದ್ದವಳು. ಆಪರೇಷನ್ ಆಗಿ ಆರು ವಾರಕ್ಕೆ ಡಾಕ್ಟರು ಸೋಡಾಬುಡ್ಡಿ ಕನ್ನಡಕ ಕೊಟ್ಟರು. ಅದನ್ನು ಹಾಕಿಕೊಂಡು ಆಸ್ಪತ್ರೆಯ ಮೆಟ್ಟಿಲು ಇಳಿದವಳು ಬೇವಿನ ಮರದ ಕೆಳಗೆ ನಿಂತು ತಲೆ ಎತ್ತಿದಳು. ನಾವು ಕರೆದರೂ ಬರಲಿಲ್ಲ.

"ಎಲೆ ಎಲೇನೂ ಬೇರೆ ಬೇರೆಯಾಗಿ ಕಾಣ್ತದೆ ಕಣೇ ಶಾಂತೂ" ಅಂದಳು ನನಗೆ. "ಎಲ್ಲಾ ಒಂದ್ ಸುತ್ತು ದಪ್ಪ ಆಗೋಗೈತೆ. ಈ ಲೋಕ ಇಷ್ಟು ದೊಡ್ಡದಿತ್ತಾ?"

ಆಮೇಲೆ ಆ ಮನೆಯಲ್ಲಿ ದಿನವೂ ಇದೇ. ಗೋಡೆಯ ಮೇಲಿನ ಇರುವೆ, ನನ್ನ ಕೊರಳಿನ ಮಚ್ಚೆ, ಅಕ್ಕಿಯೊಳಗಿನ ಕಲ್ಲು. ಅವಳಿಗೆ ಎಲ್ಲವೂ ನೋಡತಕ್ಕದ್ದೇ.

ನಮ್ಮ ಊರಲ್ಲಿ ಆಗ ಒಂದು ಚಿತ್ರ ಸಂಘವಿತ್ತು. ಮೇಷ್ಟರುಗಳು, ವಕೀಲರು, ಬ್ಯಾಂಕಿನವರು, ಒಟ್ಟು ಮೂವತ್ತು ಜನ. ತಿಂಗಳಿಗೊಮ್ಮೆ ದೆಹಲಿಯಿಂದಲೋ ಬೆಂಗಳೂರಿನಿಂದಲೋ ತಗಡಿನ ಡಬ್ಬಗಳಲ್ಲಿ ಪರದೇಶದ ಸಿನಿಮಾ ಬರುತ್ತಿತ್ತು. ನಾವು ಕಬ್ಬಿಣದ ಕುರ್ಚಿಗಳಲ್ಲಿ ಗಂಭೀರವಾಗಿ ಕೂತು ನೋಡುತ್ತಿದ್ದೆವು. ಯಂತ್ರ ಓಡಿಸುವವರು ಸತ್ತಾರ್ ಸಾಹೇಬರು. ಹಿಂದೆ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. ಆ ಡಿಸೆಂಬರಿನಲ್ಲಿ ಇಟಲಿಯ ಸಿನಿಮಾವೊಂದು ಬಂತು. ಶನಿವಾರ ಪ್ರೊಜೆಕ್ಟರ್ ಪರೀಕ್ಷೆಗೆಂದು ಎರಡು ರೀಲು ಓಡಿಸಿ ನೋಡಿದೆವು, ಅಷ್ಟರಲ್ಲಿ ಕರೆಂಟು ಹೋಯಿತು. ಅದೇ ಹೊತ್ತಿಗೆ ಹಾಲ್‌ನವರು ಭಾನುವಾರ ಬೇರೆ ಕಾರ್ಯಕ್ರಮ ಇದೆ ಎಂದು ಕೈಯೆತ್ತಿದರು. ಸೋಮವಾರ ಬೆಳಿಗ್ಗೆ ಡಬ್ಬಗಳು ವಾಪಸ್ಸು ಹೋಗಲೇಬೇಕು.

"ನೋಡದೇನೇ ಕಳಿಸೋದಾ ಅಮ್ಮಾ?" ಎಂದು ಸತ್ತಾರ್ ಸಾಹೇಬರು ನನ್ನ ಮುಖ ನೋಡಿದರು. "ಕತ್ತಲೆ ಕೋಣೆ ಒಂದು ಇದ್ರೆ ಸಾಕು. ಎಲ್ಲಾದ್ರೂ ಹಾಕ್ತೀನಿ."

ಕತ್ತಲೆ ಕೋಣೆ ಎಂದಾಗ ನನಗೆ ಹೊಳೆದದ್ದು ನಮ್ಮ ದೊಡ್ಡಪ್ಪನ ಕೊಬ್ಬರಿ ಮನೆ. ಗುಬ್ಬಿ ದಾಟಿ ಸ್ವಲ್ಪ ದೂರದಲ್ಲಿ ನಮ್ಮ ಊರು. ದೊಡ್ಡಪ್ಪ ಮಲ್ಲಣ್ಣ ಅಲ್ಲೇ ತೋಟ ನೋಡಿಕೊಂಡಿದ್ದರು. ತೋಟದ ತುದಿಯಲ್ಲಿ ದಪ್ಪ ಮಣ್ಣಿನ ಗೋಡೆಯ, ಕಿಟಕಿಯಿಲ್ಲದ ಉದ್ದನೆಯ ಕಟ್ಟಡ. ಅರ್ಧಭಾಗಕ್ಕೆ ಅಟ್ಟ ಹಾಕಿ ಅದರ ಮೇಲೆ ತೆಂಗಿನಕಾಯಿ ತುಂಬಿದ್ದರು. ಕಾಯಿಯೊಳಗಿನ ನೀರು ತಾನಾಗಿ ಇಂಗಿ ಕೊಬ್ಬರಿಯಾಗುವವರೆಗೆ ಅವು ವರ್ಷಗಟ್ಟಲೆ ಅಲ್ಲೇ. ಕೆಳಗೆ ನೂರೈವತ್ತು ಜನ ಕೂರುವಷ್ಟು ಜಾಗ, ಪಕ್ಕದಲ್ಲೇ ಪಂಪ್‌ಸೆಟ್ಟಿನ ಕರೆಂಟು. ಅವರೆಕಾಯಿ ಕಾಲದ ಒಂದು ಭಾನುವಾರ ನಮ್ಮ ವಂಶದವರೆಲ್ಲ ಅಲ್ಲಿ ಸೇರುವ ರೂಢಿಯಿತ್ತು. ತುಮಕೂರು, ಬೆಳ್ಳಾವಿ, ಹಿರೇಹಳ್ಳಿ, ಎಲ್ಲಿಂದಲೋ ಎಲ್ಲಿಂದಲೋ ಬಂದು ಅವರೆ ಸುಲಿದು, ಸಾರು ಮಾಡಿ, ಮರದ ಕೆಳಗೆ ಉಂಡು ಹೋಗುವುದು. ಆ ವರ್ಷ ಆ ಕೂಟ ಮಾರನೆಯ ದಿನವೇ ಬಿದ್ದಿತ್ತು.

ಆದರೆ ಗಂಗತ್ತೆ ಹದಿನೆಂಟು ವರ್ಷದಿಂದ ಅಲ್ಲಿಗೆ ಕಾಲಿಟ್ಟಿರಲಿಲ್ಲ.

ಕಾರಣ ನಮಗೆಲ್ಲ ಗೊತ್ತಿತ್ತು. ಅಜ್ಜಿ ತೀರಿಕೊಂಡ ದಿನ ಬೆಳಿಗ್ಗೆ ಅತ್ತೆಗೆ ಹೇಳಿಕಳಿಸಿದ್ದರು. ಬಸ್ಸು ಬದಲಿಸಿ, ನಡೆದು, ತುಂಬುಬಸುರಿ ಊರಿಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ದೊಡ್ಡಪ್ಪ ಕಾಯಲಿಲ್ಲ. ಮಧ್ಯಾಹ್ನವೇ ತೋಟದ ಮೂಲೆಯಲ್ಲಿ ಮಣ್ಣು ಮಾಡಿ ಮುಗಿಸಿದ್ದರು. ಅತ್ತೆ ಹಸಿ ಮಣ್ಣು ನೋಡಿ, ಅಣ್ಣನ ಕಡೆ ಒಂದು ಸಲ ನೋಡಿ, ಬಂದ ದಾರಿಯಲ್ಲೇ ತಿರುಗಿ ಹೋದಳಂತೆ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ನಮ್ಮಪ್ಪ ಬೆಳ್ಳಾವಿಯಲ್ಲಿ ಮೇಷ್ಟರು, ಇಬ್ಬರಿಗೂ ತಮ್ಮ. "ಸರ್ಕಾರದ ಸಂಬಳ ಇಲ್ಲದ ಪೋಸ್ಟ್‌ಮ್ಯಾನ್ ನಾನು" ಎನ್ನುತ್ತಿದ್ದರು.

ಶನಿವಾರ ಸಂಜೆ ನಾನು ಹೆದರುತ್ತಲೇ ಅತ್ತೆಗೆ ವಿಷಯ ಹೇಳಿದೆ. ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು.

"ಸಿನಿಮಾದಲ್ಲಿ ಜನ ಎಷ್ಟು ದಪ್ಪ ಕಾಣ್ತಾರೆ?" ಎಂದು ಕೇಳಿದಳು.

"ಗೋಡೆಯಷ್ಟು ಅತ್ತೆ."

"ಬತ್ತೀನಿ. ಆದ್ರೆ ಅವ್ನ ಮನೆ ಹೊಸ್ತಿಲು ತುಳಿಯಾಕಿಲ್ಲ. ಅವ್ನ ಮನೆ ಅನ್ನ ಮುಟ್ಟಾಕಿಲ್ಲ. ತೋಟ ನಮ್ಮಪ್ಪಂದು. ಅಲ್ಲಿಗೆ ಬರಾಕೆ ನನಗೆ ಯಾರ ಅಪ್ಪಣೆನೂ ಬ್ಯಾಡ."

ಭಾನುವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡೇ ಹೊರಟಳು. ಸಂಘದ ಕಾರ್ಯದರ್ಶಿಯ ಹಳೆ ಜೀಪು, ಅದರೊಳಗೆ ಪ್ರೊಜೆಕ್ಟರ್, ನಾಲ್ಕು ಡಬ್ಬ, ಸತ್ತಾರ್ ಸಾಹೇಬರು, ನಾವು ಮೂವರು ಹೆಂಗಸರು. ತೋಟದ ಬಾಗಿಲಿಗೆ ಬಂದಾಗ ದೊಡ್ಡಪ್ಪ ಎದುರಿಗೇ ನಿಂತಿದ್ದರು. ಆರಡಿ ಆಳು. ಅತ್ತೆ ಮುಖ ತಿರುಗಿಸಿಕೊಂಡು ಇಳಿದಳು. ಅವಳ ಹಿಂದೆ ಇಳಿದ ನೀಲಳನ್ನು ದೊಡ್ಡಪ್ಪ ನೋಡಿದರು. ಹುಟ್ಟಿದಾಗಿನಿಂದ ನೋಡಿರದ ತಂಗಿಯ ಮಗಳು. ನೋಡುತ್ತಲೇ ನಿಂತರು. ಆಮೇಲೆ ಪ್ರೊಜೆಕ್ಟರ್ ಪೆಟ್ಟಿಗೆಯನ್ನು ಒಬ್ಬರೇ ಹೆಗಲ ಮೇಲೆ ಹೊತ್ತುಕೊಂಡು ಕೊಬ್ಬರಿ ಮನೆಯ ಕಡೆ ಹೋದರು.

ಹಿಂದಿನ ರಾತ್ರಿಯೇ ಹೇಳಿಕಳಿಸಿದ್ದರಿಂದ ದೊಡ್ಡಮ್ಮ ನಾಲ್ಕು ಪಂಚೆ ಸೇರಿಸಿ ಹೊಲಿದು ಪರದೆ ಮಾಡಿದ್ದರು. ಒಂದು ಪಂಚೆಯ ಕೆಂಪು ಅಂಚು ಸರಿಯಾಗಿ ಮೇಲ್ಭಾಗದಲ್ಲಿ ಅಡ್ಡಕ್ಕೆ ಬಂದಿತ್ತು. ಊಟ ಮುಗಿದ ಮೇಲೆ ಜನ ಸೇರತೊಡಗಿದರು. ನಮ್ಮವರಷ್ಟೇ ಅಲ್ಲ, ಸುದ್ದಿ ತಿಳಿದು ಊರಿಗೆ ಊರೇ ಬಂತು. ಅತ್ತೆ ತನ್ನ ಬುತ್ತಿಯನ್ನು ಮಾವಿನ ಮರದ ಕೆಳಗೆ ಬೇರೆ ಕೂತು ಉಂಡು, ಒಳಗೆ ಬಂದು ಹೆಂಗಸರ ನಡುವೆ ಕೂತಳು. ನಡುಮಧ್ಯಾಹ್ನ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಬಾಗಿಲಿಗೆ ಕರಿ ಕಂಬಳಿ ಇಳಿಬಿಟ್ಟರು. ಗಾಳಿಗೆ ಅದು ಹಾರದಂತೆ ಒಬ್ಬರು ಹಿಡಿದು ನಿಲ್ಲಬೇಕಿತ್ತು. ದೊಡ್ಡಪ್ಪ ತಾವೇ ಹೋಗಿ ನಿಂತರು.

ಭಜನೆಯವರ ಮೈಕು ನನ್ನ ಕೈಗೆ ಬಂತು. ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಬರುವ ಸಾಲುಗಳನ್ನು ಓದಿ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಸಿನಿಮಾ ಶುರುವಾಯಿತು. ಗುಡ್ಡಗಾಡಿನ ಹಳ್ಳಿ, ಕಲ್ಲಿನ ಹಳೆ ಮನೆ, ಒಬ್ಬ ಮುದುಕ. ಪಟ್ಟಣಗಳಿಂದ ಮಗಳ ಸಂಸಾರ, ಮಗನ ಸಂಸಾರ ಪುಟ್ಟ ಪುಟ್ಟ ಕಾರುಗಳಲ್ಲಿ ತುಂಬಿಕೊಂಡು ಬರುತ್ತವೆ. ಮಗಳು ವರ್ಷಗಳ ಮೇಲೆ ಬರುತ್ತಿರುವವಳು.

"ನೀವು ಬಹಳ ತಡವಾಗಿ ಆಗಮಿಸಿದಿರಿ" ಎಂದು ನಾನು ಮೊದಲ ಸಾಲನ್ನು ಹೇಳಿದೆ.

ಕತ್ತಲೆಯಿಂದ ಗಂಗತ್ತೆಯ ದನಿ ಬಂತು: "ಅದ್ಯಾರು ಹಂಗೆ ಮಾತಾಡ್ತಾರೆ? ನಮ್ ಬಾಸೇಲಿ ಹೇಳೇ!"

ಜನ ನಕ್ಕರು. ನಾನು ಗಂಟಲು ಸರಿಮಾಡಿಕೊಂಡು, "ಇಷ್ಟೊತ್ತಿಗೆ ಬಂದ್ಯೇನವ್ವಾ?" ಎಂದೆ. ಅಷ್ಟೇ. ಆಮೇಲೆ ಮಾತು ತಾನಾಗಿ ಹರಿಯತೊಡಗಿತು. ಇಟಲಿಯ ಮುದುಕ ಗುಬ್ಬಿ ಸೀಮೆಯ ಮುದುಕನಾದ. ಟೋಪಿಯ ಅಳಿಯನ ಕಾರು ಕೆಸರಿನಲ್ಲಿ ಸಿಕ್ಕಿ ಎರಡು ಎತ್ತು ಕಟ್ಟಿ ಎಳೆಸಿದಾಗ ಕೊಬ್ಬರಿ ಮನೆಯ ಹೆಂಚು ಹಾರಿಹೋಗುವಂತೆ ನಗು. "ಬಲಗಡೆ ಎತ್ತು ಮೈಗಳ್ಳ ಕಣ್ಲಾ!" ಎಂದು ಯಾರೋ ಇಟಲಿಯ ರೈತನಿಗೆ ಕೂಗಿ ಹೇಳಿದರು. ಆರು ಜನರ ಮನೆಯಲ್ಲಿ ಹದಿನಾರು ಜನ; ಯಾರು ಎಲ್ಲಿ ಮಲಗಬೇಕೆಂಬ ಜಗಳ ಶುರುವಾದಾಗ ನಮ್ಮ ದೊಡ್ಡಮ್ಮ ಜೋರಾಗಿ ನಿಟ್ಟುಸಿರು ಬಿಟ್ಟರು.

ನಾನು ಅಲ್ಲಿಯತನಕ ಅಂಥ ಸಿನಿಮಾಗಳನ್ನು ನೋಡುತ್ತಿದ್ದದ್ದು ಪರೀಕ್ಷೆಗೆ ಓದುವವಳ ಹಾಗೆ. ಅವತ್ತು ಒಂದು ದೃಶ್ಯ ಬಂತು. ದೊಡ್ಡ ಹಂಡೆಯಲ್ಲಿ ಹಳದಿ ಹಿಟ್ಟು ಕುದಿಯುತ್ತಿದೆ, ಒಬ್ಬ ಹೆಂಗಸು ಉದ್ದ ಕೋಲು ಹಿಡಿದು ತಿರುವುತ್ತಿದ್ದಾಳೆ. ಕೆಳಗೆ ಬಂದ ಪದ ನನಗೆ ಗೊತ್ತಿರಲಿಲ್ಲ. ತಡವರಿಸಿದೆ.

"ಮುದ್ದೆ!" ಎಂದಳೊಬ್ಬಳು. "ನೋಡ್ರೇ, ಹಳದಿ ಮುದ್ದೆ! ಗಂಟಾಗ್ತದೆ ಬೇಗ ತಿರುವೇ ತಾಯಿ!"

ಹಂಡೆಯನ್ನು ಎತ್ತಿ ಮರದ ಹಲಗೆಯ ಮೇಲೆ ಆ ಹಿಟ್ಟನ್ನು ಸುರಿದಾಗ ಒಳಗಿದ್ದ ಹೆಂಗಸರೆಲ್ಲ ಒಂದೇ ಸಲ "ಆಹಾ" ಎಂದರು. ಸಮುದ್ರದಾಚೆ ಎಲ್ಲೋ ಕೋಲು ಹಿಡಿದವಳ ರಟ್ಟೆಯ ನೋವು ಇಲ್ಲಿ ನೂರು ರಟ್ಟೆಗಳಿಗೆ ಗೊತ್ತಿದೆ. ಕತ್ತು ತಿರುಗಿಸಿ ಅತ್ತೆಯನ್ನು ನೋಡಿದೆ. ಪರದೆಯ ಬೆಳಕು ಅವಳ ದಪ್ಪ ಗಾಜುಗಳ ಮೇಲೆ ಕುಣಿಯುತ್ತಿತ್ತು. ಬಾಯಿ ಅರ್ಧ ತೆರೆದಿತ್ತು. ಸುರಿಯುತ್ತಿದ್ದ ಕಣ್ಣೀರನ್ನು ಒರೆಸಿಕೊಳ್ಳಲೂ ಅವಳಿಗೆ ಪುರುಸೊತ್ತಿರಲಿಲ್ಲ.

ಕಥೆ ನಗುನಗುತ್ತಲೇ ಇನ್ನೆಲ್ಲೋ ಹೋಗುತ್ತಿತ್ತು. ಆ ಮಗಳು ಮತ್ತು ಅವಳ ಅಣ್ಣ ಒಂದೇ ಮೇಜಿಗೆ ಕೂತರೂ ಒಬ್ಬರ ಕಣ್ಣು ಒಬ್ಬರು ನೋಡುವುದಿಲ್ಲ. ಉಪ್ಪು ಬೇಕಾದರೂ ಮೂರನೆಯವರ ಕೈಯಲ್ಲಿ ಕೇಳಿಸುತ್ತಾರೆ. ಯಾಕೆಂದು ಇನ್ನೂ ತಿಳಿದಿಲ್ಲ. ಇದನ್ನು ಅನುವಾದಿಸುವಾಗ ನಮ್ಮವರ ಸಾಲಿನಲ್ಲಿ ಕೆಮ್ಮು ಕೂಡ ಕೇಳಿಸಲಿಲ್ಲ. ಬಾಗಿಲ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ.

ಮೂರನೆಯ ರೀಲು ಮುಗಿಯಿತು. ಸತ್ತಾರ್ ಸಾಹೇಬರು ನಾಲ್ಕನೆಯದನ್ನು ಏರಿಸಿದರು. ಮನೆಯ ಹಿಂದಿನ ಕಲ್ಲುಕಟ್ಟೆ. ಅಣ್ಣ ತಂಗಿ ಇಬ್ಬರೇ. ನಡುವೆ ಒಂದು ಬುಟ್ಟಿ ಕಾಯಿ, ಹಲಸಿನ ಬೀಜದಂಥವು. ಅವಳು ಸಣ್ಣ ಚಾಕುವಿನಿಂದ ಒಂದೊಂದನ್ನೇ ಸೀಳಿ ಹಾಕುತ್ತಾ, ತಲೆ ಎತ್ತದೆ ಮಾತು ಶುರುಮಾಡಿದಳು.

ಪರದೆಯ ಕೆಳಗೆ ಅಕ್ಷರ ಬರಲಿಲ್ಲ.

ಕಾದೆ. ಅವಳು ಮಾತಾಡುತ್ತಲೇ ಇದ್ದಾಳೆ, ಕೆಳಗೆ ಬರೀ ಪಂಚೆಯ ಬಿಳುಪು. ಸತ್ತಾರ್ ಸಾಹೇಬರು ಪ್ರೊಜೆಕ್ಟರ್ ಹಿಂದಿನಿಂದ, "ಅಮ್ಮಾ, ಇದು ಬೇರೆ ಪ್ರಿಂಟಿನ ರೀಲು. ಇದ್ರಲ್ಲಿ ಅಕ್ಷರಾನೇ ಇಲ್ಲ" ಎಂದು ಪಿಸುಗುಟ್ಟಿದರು.

"ಏನಂತೆ? ಏನಂತಾವ್ಳೆ?" ಎಂದು ಜನ ಕೇಳತೊಡಗಿದರು.

"ನನಗೆ ಗೊತ್ತಾಗ್ತಿಲ್ಲ" ಎಂದೆ ಮೈಕಿನಲ್ಲಿ. ಒಂದು ಸುಳ್ಳು ಕಟ್ಟಿ ಹೇಳಬಹುದಿತ್ತು. ಆ ಹೆಂಗಸಿನ ಮುಖ ನೋಡುತ್ತಾ ಅದು ಆಗಲಿಲ್ಲ.

"ಗೊತ್ತಾಗಾಕೆ ಏನೈತೆ ಅದ್ರಾಗೆ?" ಗಂಗತ್ತೆ ಎದ್ದು ನಿಂತಿದ್ದಳು. ಕಣ್ಣು ಪರದೆಯ ಮೇಲೆಯೇ. "ನಾನ್ ಹೇಳ್ತೀನಿ ಬುಡು. ಅವ್ಳು ಕೇಳ್ತಾವ್ಳೆ, ಒಂದ್ ಗಳಿಗೆ ಕಾಯಾಕೆ ಆಗ್ಲಿಲ್ವಾ ಅಣ್ಣಾ ನಿನಗೆ?"

ಯಂತ್ರದ ಟರಟರ ಸದ್ದು ಮಾತ್ರ.

"ಬಸ್ಸಿನಾಗೆ ನಿಂತ್ಕಂಡು ಬಂದೆ, ಅಂತಾವ್ಳೆ. ಹೊಟ್ಟೆ ಹೊತ್ಕಂಡು ಓಡಿ ಬಂದೆ. ದಾರೀಲಿ ಶಿವಾ ಶಿವಾ ಅಂದ್ಕಂಡೇ ಬಂದೆ. ಅವ್ವನ ಮುಖ ಒಂದ್ಸಲ ನೋಡಿದ್ರೆ ಸಾಕಿತ್ತು, ಅಂತಾವ್ಳೆ. ಕೈ ಹಿಡ್ಕಂತಿದ್ದೆ. ತಣ್ಣಗಿದ್ರೂ ಅವ್ವನ ಕೈ ಅಲ್ವೇ? ನೀನು ಮಣ್ಣು ಮುಚ್ಚಿಬುಟ್ಟೆ. ನಾನು ಪರಕೀಯಳಾ?"

ಪರದೆಯ ಮೇಲಿನವಳು ಚಾಕು ಕೆಳಗಿಟ್ಟು ಅಣ್ಣನ ಕಡೆ ತಿರುಗಿದಳು. ಅಣ್ಣ ತಲೆ ತಗ್ಗಿಸಿದ. ಆಮೇಲೆ ಅವನು ಬಾಯಿ ತೆರೆದು, ನಿಧಾನವಾಗಿ, ಏನೋ ಹೇಳಲು ಶುರುಮಾಡಿದ. ಅವನ ತುಟಿ ಆಡುತ್ತಿತ್ತು. ನೂರೈವತ್ತು ಜನ ಕಾಯುತ್ತಿದ್ದರು.

"ಅವ್ವನೇ ಹೇಳಿದ್ಲು" ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ದೊಡ್ಡಪ್ಪ ಕಂಬಳಿ ಬಿಟ್ಟಿರಲಿಲ್ಲ. ಎರಡು ಕೈಯಲ್ಲೂ ಅದನ್ನು ಹಿಡಿದುಕೊಂಡೇ, ಪರದೆಯನ್ನೂ ನೋಡದೆ, ನೆಲ ನೋಡುತ್ತಾ ಮಾತಾಡಿದರು.

"ಬೆಳಗಿನ ಜಾವ ನನ್ನೊಬ್ಬನ್ನೇ ಕರೆದ್ಲು. ಗಂಗೂಗೆ ಎರಡು ಹೋಗವೆ, ಇದೊಂದು ಉಳೀಬೇಕು, ಬಸುರಿ ಹೆಣ ನೋಡಬಾರ್ದು, ಅವ್ಳು ಬರೋದ್ರೊಳಗೆ ಮಣ್ಣು ಮಾಡ್ಬುಡು ಅಂದ್ಲು. ನಾನ್ ಅಂದೆ ಅಂತ ಹೇಳಬ್ಯಾಡ, ಅವ್ವನೇ ಬರಬ್ಯಾಡ ಅಂದ್ಲು ಅಂತ ಕೊರಗ್ತಾಳೆ. ನಿನ್ ಮೇಲೆ ಸಿಟ್ಟಾದ್ರೆ ಆಗ್ಲಿ ಅಂದ್ಲು. ಕೈ ಮೇಲೆ ಕೈ ಹಾಕಿಸ್ಕಂಡ್ಲು."

ಅತ್ತೆ ಆಗ ಮೊದಲ ಸಲ ಪರದೆಯಿಂದ ಕಣ್ಣು ತೆಗೆದು ಬಾಗಿಲ ಕಡೆ ತಿರುಗಿದಳು.

"ಮಗು ಹುಟ್ಟಿದ್ಮೇಲೆ ಹೇಳ್ಬೋದಿತ್ತಲ್ಲಾ?"

"ಹೇಳಾಕೇ ಬಂದಿದ್ದೆ ಕಣೇ. ತೊಟ್ಲು ಹೊತ್ಕಂಡು ನಿಮ್ಮೂರಿಗೆ ಬಂದಿದ್ದೆ. ನೀನು ಬಾಗಲು ತಗೀಲಿಲ್ಲ. ಒಂದು ಹೊತ್ತು ಪೂರಾ ಜಗಲೀ ಮೇಲೆ ಕೂತಿದ್ದೆ. ಎದ್ದು ಬರ್ತಾ ನನಗೂ ಸಿಟ್ಟು ಬಂತು. ಬಂದಿದ್ದು ಹೋಗ್ಲಿಲ್ಲ."

ಆ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ಒಂದು ಕತ್ತೆ ಹಿಂದಿನಿಂದ ಬಂದು ಬುಟ್ಟಿಗೆ ಬಾಯಿ ಹಾಕಿತು. ಅಣ್ಣ ತಂಗಿ ಇಬ್ಬರೂ ಎದ್ದು ಅದನ್ನು ಓಡಿಸಲು ಹೋಗಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಬಿದ್ದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು, ಅಳುತ್ತಿದ್ದ ದೊಡ್ಡಮ್ಮನೂ. ಸೆರಗು ಬಾಯಿಗೆ ಹಿಡಿದು ನಗುತ್ತಾ ಅಳುವ ಅಷ್ಟು ಹೆಂಗಸರನ್ನು ನಾನು ಒಟ್ಟಿಗೆ ಇನ್ನೆಲ್ಲೂ ಕಂಡಿಲ್ಲ. ಅತ್ತೆ ನಗಲಿಲ್ಲ, ಅಳಲಿಲ್ಲ. ಕೂತು ಸಿನಿಮಾವನ್ನು ಕೊನೆಯವರೆಗೂ ನೋಡಿದಳು.

ಆ ದೃಶ್ಯದಲ್ಲಿ ನಿಜಕ್ಕೂ ಏನು ಮಾತಾಡಿದರೆಂದು ತಿಳಿಯಲು ನಾನು ಆಮೇಲೆ ಬಹಳ ಒದ್ದಾಡಿದೆ. ಕಾರ್ಯದರ್ಶಿಯವರು ಬೆಂಗಳೂರಿಗೆ ಬರೆದು ಕೇಳಿ, ಕೆಲವು ತಿಂಗಳ ಮೇಲೆ ಉತ್ತರ ತರಿಸಿಕೊಟ್ಟರು. ಆ ಹೆಂಗಸು ಅಣ್ಣನಿಗೆ ತನ್ನ ಗಂಡ ಕೊಳ್ಳಬೇಕೆಂದಿರುವ ಅಂಗಡಿಯ ಬಗ್ಗೆ ಹೇಳುತ್ತಿದ್ದಳಂತೆ. ಅಣ್ಣ ಬೇಡ ಎನ್ನುತ್ತಿದ್ದನಂತೆ. ಕಾಗದ ಓದಿ ನನಗೆ ನಗು ಬಂತು, ಆದರೆ ನಂಬಿಕೆ ಬರಲಿಲ್ಲ. ಈಗಲೂ ಇಲ್ಲ. ಕೊಬ್ಬರಿ ಮನೆಯಲ್ಲಿ ನಾನು ಕೇಳಿದ್ದೇ ಅವರು ಆಡಿದ ಮಾತು.

ಕಂಬಳಿ ಸರಿಸಿದರು. ಕತ್ತಲೆಯಿಂದ ಎದ್ದು ಬಂದವರೆಲ್ಲ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಬೇರೆ ಊರಿನಿಂದ ಈಗಷ್ಟೇ ಬಂದಿಳಿದವರ ಹಾಗೆ ತೋಟದಲ್ಲಿ ನಿಂತಿದ್ದರು. ಸತ್ತಾರ್ ಸಾಹೇಬರು ಬಿಸಿ ಪ್ರೊಜೆಕ್ಟರಿನ ಮೇಲೆ ಕೈಯಿಟ್ಟುಕೊಂಡು, "ಮೂವತ್ತು ವರ್ಷ ಮಷೀನು ಓಡಿಸಿದೀನಿ ಅಮ್ಮಾ, ಇಂಥಾ ಆಟ ಆಗಿಲ್ಲ" ಎಂದರು.

ಅತ್ತೆ ಕೊನೆಯಲ್ಲಿ ಹೊರಗೆ ಬಂದಳು. ಅಣ್ಣನ ಎದುರಿಗೆ ಹೋಗಿ ನಿಂತು, ತಲೆ ಹಿಂದಕ್ಕೆ ಮಾಡಿ, ಕನ್ನಡಕದೊಳಗಿಂದ ಅವರ ಮುಖವನ್ನು ಗಡ್ಡದಿಂದ ಹಣೆಯವರೆಗೆ ನಿಧಾನವಾಗಿ ನೋಡಿದಳು.

"ಏನ್ ಇಷ್ಟು ಮುದುಕ ಆಗ್ಬುಟ್ಟಿದೀಯ?" ಎಂದಳು.

ದೊಡ್ಡಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡರು. ಅತ್ತೆ ಸಮಾಧಾನ ಮಾಡಲಿಲ್ಲ. "ನಡಿ, ತೋರ್ಸು" ಎಂದಳು.

ಇಬ್ಬರೂ ತೆಂಗಿನ ಸಾಲಿನ ನಡುವೆ ಮುಂದೆ ಮುಂದೆ ನಡೆದರು. ನಾನು, ನೀಲ, ನಮ್ಮಪ್ಪ ಹಿಂದೆ. ತೋಟದ ಮೂಲೆಯಲ್ಲಿ ಅಜ್ಜಿಯ ಸಮಾಧಿ. ಸುಣ್ಣ ಬಳಿದ ಸಣ್ಣ ಗದ್ದುಗೆ, ಮೇಲೆ ಲಿಂಗ, ಯಾರೋ ಬೆಳಿಗ್ಗೆಯೇ ಇಟ್ಟ ಎರಡು ಕಣಗಿಲೆ ಹೂ. ಅತ್ತೆ ಅದನ್ನು ಸುತ್ತಲೂ ಬಂದು ನೋಡಿದಳು. ಆಮೇಲೆ ಇದ್ದಕ್ಕಿದ್ದಂತೆ ಬಯ್ಯಲು ಶುರುಮಾಡಿದಳು. ಬದುಕಿರುವವರನ್ನು ಬಯ್ಯುವ ಹಾಗೆಯೇ, ಸೊಂಟಕ್ಕೆ ಕೈಯಿಟ್ಟು.

"ಎಂಥಾ ಹೆಂಗ್ಸು ನೀನು? ನನ್ ಕೇಳಬ್ಯಾಡ್ವಾ? ನನ್ನ ಅಣ್ಣನ್ನ ನನ್ನಿಂದ ಕಿತ್ಕಂಡು ಹೋದ್ಯಲ್ಲ, ಹದಿನೆಂಟು ವರ್ಷ! ನಿನಗೆ ಎಲ್ಲಾ ಗೊತ್ತು, ನಿನಗೆ ಮಾತ್ರ ಎಲ್ಲಾ ಗೊತ್ತು! ಯಾವತ್ತೂ ಹಿಂಗೇ ಮಾಡಿದ್ದು ನೀನು!"

ಉಸಿರು ತೀರುವವರೆಗೆ ಬಯ್ದಳು. ದೊಡ್ಡಪ್ಪ ತಡೆಯಲಿಲ್ಲ. ತೋಟದ ಮೇಲೆ ಗಿಳಿಗಳು ಕೂಗಿಕೊಂಡು ಹೋದವು. ಅತ್ತೆ ಮಂಡಿಯೂರಿ ಕೂತಳು. ಗದ್ದುಗೆಯ ಮೇಲೆ ಬಿದ್ದಿದ್ದ ಒಣ ಗರಿಯ ಚೂರುಗಳನ್ನು ಒಂದೊಂದಾಗಿ ಆರಿಸಿ ತೆಗೆದಳು. ಎಷ್ಟೋ ಹೊತ್ತು ಅದೇ ಕೆಲಸ. ಕಡೆಗೆ ಹಿಂದಕ್ಕೆ ಕೈ ಚಾಚಿ ನೀಲಳ ಮಣಿಕಟ್ಟು ಹಿಡಿದು ಎಳೆದು ಪಕ್ಕಕ್ಕೆ ಕೂರಿಸಿಕೊಂಡಳು. ಅವಳ ಅಂಗೈಯನ್ನು ಬಿಡಿಸಿ, ಬಿಸಿಲಿಗೆ ಕಾದಿದ್ದ ಆ ಸುಣ್ಣದ ಗದ್ದುಗೆಯ ಮೇಲೆ ಒತ್ತಿ ಹಿಡಿದಳು.

"ಇವ್ಳೇ ಕಣವ್ವ" ಎಂದಳು.